ಅಪಸ್ವರದ ಮಾಸ್ಟ್ರು

ಶ್ರದ್ಧಾಂಜಲಿ ಸಭೆಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನಾನು ನೋಡಿದ್ದು ಒಮ್ಮೆ ಮಾತ್ರ, ನಮ್ಮ ಮಾಸ್ಟ್ರು ತೀರಿಕೊಂಡಾಗ. ಉಡುಪಿಯ ಒಂದು ಸಣ್ಣ ಸಭಾಭವನದಲ್ಲಿ ಕಾರ್ಯಕ್ರಮ. ವೇದಿಕೆಯ ಮೇಲೆ ಅವರ ಫೋಟೋ ಇಟ್ಟು ಮಲ್ಲಿಗೆಯ ಹಾರ ಹಾಕಿದ್ದರು. ಮಾತಾಡಲು ಎದ್ದವರೆಲ್ಲ "ನಗಿಸುತ್ತಲೇ ಬದುಕಿದವರು" ಎಂಬ ಒಂದೇ ಮಾತನ್ನು ಹಿಂದೆ ಮುಂದೆ ಮಾಡಿ ಹೇಳಿ ಕೂತರು. ಕೊನೆಗೆ ಸಂಘಟಕರಲ್ಲಿ ಒಬ್ಬರಿಗೆ ಏನು ಹೊಳೆಯಿತೋ, ಮೊಬೈಲ್ ತೆಗೆದು, ಹಳೆಯ ಕಾರ್ಯಕ್ರಮವೊಂದರ ರೆಕಾರ್ಡಿಂಗ್ ಹಾಕಿ ಮೈಕಿಗೆ ಹಿಡಿದರು. ಮಾಸ್ಟ್ರು ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು, ಹಾರ್ಮೋನಿಯಂ ಕೇಳಿಸಿತು, ಆಮೇಲೆ ಆ ಸುಪ್ರಸಿದ್ಧ ಅಪಸ್ವರ. ಹಿಂದಿನ ಸಾಲಿನಲ್ಲಿ ಯಾರೋ ಮುಸಿಮುಸಿ ನಕ್ಕರು. ನೋಡುತ್ತಿದ್ದಂತೆ ಇಡೀ ಸಭೆ ನಗತೊಡಗಿತು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು. ಅವರ ಮುಖ ನಾನಿದ್ದ ಕಡೆಗೆ ಕಾಣುತ್ತಿರಲಿಲ್ಲ.

ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡುವ ಹಕ್ಕು ನನಗೆಲ್ಲಿದೆ? ಆ ರೆಕಾರ್ಡಿಂಗಿನಲ್ಲಿ ತಾಳ ತಪ್ಪಿ ತಡಕಾಡುತ್ತಿದ್ದ ತಬಲ ನನ್ನದೇ ಆಗಿತ್ತು.

ನಾನು ಮಣಿಪಾಲದಲ್ಲಿ ಒಂದು ಮೆಡಿಕಲ್ ಶಾಪ್ ಇಟ್ಟುಕೊಂಡವನು. ತಬಲ ನನಗೆ ಹೊಟ್ಟೆಪಾಡಲ್ಲ, ಬಿಡಲಾಗದ ಚಟ. ಮಾಸ್ಟ್ರು ಕಲ್ಯಾಣಪುರದ ಕಡೆಯ ಒಂದು ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ದೀಪಸ್ತಂಭದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ. ನಮ್ಮ ಜೊತೆ ಮೂರನೆಯವರಾಗಿ ಪಿಟೀಲಿನ ಕಾಮತ್ರು ಇದ್ದರು. ಕಾಮತ್ರ ಮನೆಮಾತು ಕೊಂಕಣಿ, ನಮ್ಮಿಬ್ಬರದು ತುಳು, ಮೂವರೂ ಸೇರಿದರೆ ಕನ್ನಡ. ಮಾಸ್ಟ್ರ ಕನ್ನಡ ಶಾಲೆಯದ್ದು, ಒಂದಕ್ಷರ ನುಂಗದೆ ಪೂರ್ತಿ ಉಚ್ಚರಿಸುವಂಥದ್ದು. ಅಂಥ ಕನ್ನಡದಲ್ಲಿ ಬೈಸಿಕೊಳ್ಳುವುದಕ್ಕೂ ಒಂದು ಮರ್ಯಾದೆಯಿತ್ತು.

ಸಣಕಲು ದೇಹ, ಉದ್ದ ಕುತ್ತಿಗೆ. ಹಾಡುವ ಮುಂಚೆ ಬಲಗಿವಿಯ ಹಾಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಶ್ರುತಿ ಒಳಗೆ ಬರಲಿಕ್ಕೆ ಬಾಗಿಲು ತೆರೆಯುವುದಂತೆ. ಅವರು ಸರಿಯಾಗಿ ಹಾಡಿದ್ದನ್ನು ಕೇಳಿದವರು ಈ ಜಿಲ್ಲೆಯಲ್ಲಿ ಬಹಳ ಮಂದಿ ಇಲ್ಲ. ನಾನು ಕೇಳಿದ್ದೇನೆ. ದೊಡ್ಡ ಕಂಠವಲ್ಲ, ಆದರೆ ಸ್ವರ ಹಿಡಿದರೆ ಹಿಡಿದಲ್ಲಿಯೇ ಇರುತ್ತಿತ್ತು. ಅದಕ್ಕೆ ತಬಲ ಬಾರಿಸುವಾಗ ನನ್ನ ಕೈ ತನ್ನಿಂದ ತಾನೇ ಸಣ್ಣದಾಗುತ್ತಿತ್ತು. ಇಂಥವರು ಊರೂರು ತಿರುಗಿ ಬೇಕಂತಲೇ ಕೆಟ್ಟದಾಗಿ ಹಾಡಿ ಹೆಸರು ಮಾಡಿದರು.

ಅದು ಸುರುವಾದದ್ದು ಅವರ ಒಳ್ಳೆಯತನದಿಂದ. ಊರಿನ ದೊಡ್ಡ ಮನುಷ್ಯರೊಬ್ಬರಿಗೆ ಒಂದು ಸನ್ಮಾನವಿತ್ತು. ಶಾಲು ಹೊದೆಸಿಕೊಂಡು ಸುಮ್ಮನೆ ಕೂರುವ ಬದಲು ಅವರಿಗೆ ಹಾಡುವ ಆಸೆ ಬಂತು. ಸಾಲಿಗೊಂದು ಶ್ರುತಿ. ಹಾರ್ಮೋನಿಯಂನಲ್ಲಿದ್ದ ಮಾಸ್ಟ್ರು ಆ ಮನುಷ್ಯನ ಮಾನ ಉಳಿಸಲಿಕ್ಕೆಂದು, ಅವರ ಸ್ವರ ಹೋದಲ್ಲಿಗೆಲ್ಲ ತಾವೂ ಹೋದರು. ಹಗ್ಗ ಬಿಚ್ಚಿಕೊಂಡ ಕರುವಿನ ಹಿಂದೆ ಓಡುವವರ ಹಾಗೆ ಅವರ ಕೈ ಹಾರ್ಮೋನಿಯಂನ ಮೇಲೆ ಆ ತುದಿಯಿಂದ ಈ ತುದಿಗೆ ಓಡಿತು. ಜನ ನಕ್ಕರು. ತನ್ನ ಹಾಡಿಗೆ ಜನ ಖುಷಿಪಟ್ಟರೆಂದು ದೊಡ್ಡ ಮನುಷ್ಯರು ಇನ್ನೊಂದು ಹಾಡಿದರು. ಮರುವಾರ ಪಕ್ಕದ ಊರಿನ ಯುವಕ ಮಂಡಲದವರು ಮಾಸ್ಟ್ರ ಮನೆಗೆ ಬಂದರು.

"ಮಾಸ್ಟ್ರೇ, ಆವತ್ತಿನದ್ದನ್ನು ನಮ್ಮ ವಾರ್ಷಿಕೋತ್ಸವಕ್ಕೆ ಮಾಡ್ಬೇಕು. ಆ ದೊಡ್ಡ ಮನುಷ್ಯ ಬೇಡ, ನೀವೇ ಹಾಡಿ," ಎಂದು ಕೇಳಿದರು.

ಹೀಗೆ 'ಅಪಸ್ವರ ಕಚೇರಿ' ಹುಟ್ಟಿತು. ವಾರ್ಷಿಕೋತ್ಸವ, ಮದುವೆಯ ಮೆಹಂದಿ, ಬ್ಯಾಂಕಿನವರ ಕುಟುಂಬ ಸಮ್ಮಿಲನ, ಎಲ್ಲಿ ಕರೆದರೂ ಹೋದೆವು. ಮಾಸ್ಟ್ರು ಜರಿ ಶಾಲು ಹೊದ್ದು ಮಹಾ ವಿದ್ವಾಂಸರ ಗತ್ತಿನಲ್ಲಿ ಕೂರುವುದು, ನಾನೂ ಕಾಮತ್ರೂ ಭಯಭಕ್ತಿಯಿಂದ ಅತ್ತಿತ್ತ ಕೂರುವುದು, ಆಮೇಲೆ ಒಂದು ಗಂಟೆ ಸಂಗೀತದ ಕೊಲೆ.

ಆ ಕೊಲೆಗೆ ಎಷ್ಟು ತಯಾರಿ ಬೇಕಿತ್ತೆಂದು ನೋಡಿದವರಿಗೆ ಗೊತ್ತಿಲ್ಲ. ಹೊಸ ಹಾಡನ್ನು ತೆಗೆದುಕೊಂಡರೆ ಮೊದಲು ಅದನ್ನು ನಿಜವಾದ ಕಚೇರಿಗೆಂಬಂತೆ ಕೂರಿಸಬೇಕು. ಉಡುಪಿಯಲ್ಲಿ ಕಾಮತ್ರ ಮನೆಯ ಮಹಡಿಯಲ್ಲಿ ನಮ್ಮ ಅಭ್ಯಾಸ. ಮೂವರಿಗೂ ಸಮಾಧಾನವಾದ ಮೇಲೆ ಕೆಡಿಸುವ ಕೆಲಸ ಆರಂಭ. ಎಲ್ಲಿ ಯಾರು ತಪ್ಪಬೇಕೆಂದು ಮಾಸ್ಟ್ರು ಮೊದಲೇ ನಿಶ್ಚಯಿಸುತ್ತಿದ್ದರು. ಇಬ್ಬರು ಒಟ್ಟಿಗೆ ತಪ್ಪುವ ಹಾಗಿಲ್ಲ. "ಒಬ್ಬ ಸರಿ ಇದ್ದರೆ ಮಾತ್ರ ಇನ್ನೊಬ್ಬ ತಪ್ಪಿದ್ದು ಗೊತ್ತಾಗ್ತದೆ. ಮೂವರೂ ತಪ್ಪಿದರೆ ಅದು ಗಲಾಟೆ. ಗಲಾಟೆ ಕೇಳ್ಲಿಕ್ಕೆ ಜನ ನಮ್ಮನ್ನು ಯಾಕೆ ಕರೀಬೇಕು, ಬಸ್‌ಸ್ಟ್ಯಾಂಡಿಗೆ ಹೋದರೆ ಸಾಕಲ್ಲ," ಎನ್ನುತ್ತಿದ್ದರು. ಒಮ್ಮೆ ಕಾಮತ್ರು ತನಗೆ ನಿಗದಿಯಾಗಿದ್ದ ತಪ್ಪನ್ನು ಮರೆತು ಬೇರೆಲ್ಲೋ ತಪ್ಪಿದರು. ಮಾಸ್ಟ್ರು ಎರಡು ದಿನ ಅವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಅವರ ಅಪಸ್ವರಕ್ಕೆ ಒಂದು ಅಳತೆಯಿತ್ತು. ಷಡ್ಜಕ್ಕಿಂತ ಕೂದಲೆಳೆಯಷ್ಟು ಕೆಳಗೆ ಹೋಗಿ ಅಲ್ಲಿ ಗಟ್ಟಿಯಾಗಿ ನಿಲ್ಲುವುದು, ಆಮೇಲೆ ಗಾಬರಿಯಾದವರಂತೆ ಮೇಲೆ ಹತ್ತುವುದು, ಹತ್ತಿ ಆ ಕಡೆ ದಾಟಿಬಿಡುವುದು. ಸಂಗೀತದ ಗಂಧ ಇಲ್ಲದ ಹೋಟೆಲಿನ ಹುಡುಗರಿಗೂ ಅದು ತಿಳಿಯುತ್ತಿತ್ತು. ಬಾದಾಮಿಯಿಂದಲೋ ಗದಗದಿಂದಲೋ ಗಾರೆ ಕೆಲಸಕ್ಕೆಂದು ಬಂದವರು ಮೈದಾನದ ಹಿಂದೆ ನಿಂತು ಕಣ್ಣೀರು ಬರುವಷ್ಟು ನಗುತ್ತಿದ್ದರು. ನಾನೊಮ್ಮೆ ಕೇಳಿದ್ದೆ, ಸ್ವರಜ್ಞಾನ ಇಲ್ಲದವರಿಗೂ ಇದು ಹೇಗೆ ಗೊತ್ತಾಗ್ತದೆ ಎಂದು.

"ಅವರಿಗೆ ಸ್ವರ ಗೊತ್ತಾಗುದಿಲ್ಲ ಮಾರಾಯ, ನಾನು ಗೊತ್ತಾಗ್ತೇನೆ," ಎಂದರು. "ಬೇಕಂತಲೇ ಜಾರುವವನನ್ನು ಕಂಡರೆ ನಗು ಬರ್ತದೆ. ಅವ ಬೀಳುದಿಲ್ಲ ಅಂತ ನಮಗೆ ಧೈರ್ಯ ಉಂಟಲ್ಲ. ನಿಜವಾಗಿ ಕಾಲು ಜಾರಿದರೆ ಯಾರೂ ನಗುದಿಲ್ಲ. ಎತ್ತಲಿಕ್ಕೆ ಬರ್ತಾರೆ, ಇಲ್ಲವಾದರೆ ಮುಖ ತಿರುಗಿಸ್ತಾರೆ."

ಇನ್ನೊಂದು ಕ್ರಮವಿತ್ತು ಅವರದ್ದು. ರಂಗಕ್ಕೆ ಹೋಗುವ ಮುಂಚೆ, ವೇದಿಕೆಯ ಹಿಂದೆ ಎಲ್ಲಿಯಾದರೂ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಅವತ್ತು ಕೆಡಿಸಲಿಕ್ಕಿರುವ ಹಾಡನ್ನು ಒಮ್ಮೆ ಪೂರ್ತಿಯಾಗಿ ಸರಿಯಾಗಿ ಹಾಡಬೇಕು. ನಾವು ಸಣ್ಣ ಸದ್ದಿನಲ್ಲಿ ಪಕ್ಕವಾದ್ಯ ನುಡಿಸಬೇಕು. ಹೊರಗೆ ಬಹುಮಾನ ವಿತರಣೆಯ ಗದ್ದಲ, ಒಳಗೆ ಕುರ್ಚಿ ರಾಶಿಯ ಪಕ್ಕದಲ್ಲಿ ಆ ಹಾಡು. "ಇದು ದೇವರಿಗೆ, ಹೊರಗೆ ಹಾಡುದು ಊರಿಗೆ," ಎನ್ನುತ್ತಿದ್ದರು. ದೇವರ ಕಡೆಯಿಂದ ಸಂಭಾವನೆ ಯಾವಾಗ ಬರುವುದೆಂದು ಕಾಮತ್ರು ಪ್ರತಿ ಸಲವೂ ಕೇಳುತ್ತಿದ್ದರು. ಮಾಸ್ಟ್ರು ಅದಕ್ಕೆ ನಕ್ಕದ್ದು ನೆನಪಿಲ್ಲ.

ಅವರನ್ನು ಸರಿಯಾಗಿ ಹಾಡಲಿಕ್ಕೆಂದು ಕರೆದವರು ಬಹಳ ಕಡಿಮೆ. ಅಜೆಕಾರಿನ ಒಂದು ಭಜನಾ ಮಂದಿರದವರು ಒಮ್ಮೆ ಕರೆದಿದ್ದರು, ಭಕ್ತಿಗೀತೆ ಹಾಡಿ ಎಂದು. ಮಾಸ್ಟ್ರು ಒಂದು ತಿಂಗಳು ತಯಾರಿ ಮಾಡಿದರು, ಹೊಸ ಪಂಚೆ ಉಟ್ಟು ಬಂದರು. ಕಣ್ಣು ಮುಚ್ಚಿ ಆಲಾಪನೆ ಎತ್ತಿಕೊಂಡರು. ಎದುರಿಗಿದ್ದವರು ಕಾದರು. ಇನ್ನೇನು ಜಾರುತ್ತಾರೆ, ಈಗ ಜಾರುತ್ತಾರೆ ಎಂದು ಕಾದು, ಜಾರದೇ ಇದ್ದಾಗ ಅದೇ ತಮಾಷೆ ಎಂದುಕೊಂಡು ನಗಲು ಸುರುಮಾಡಿದರು. ಮಾಸ್ಟ್ರು ಕಣ್ಣು ಬಿಡದೆ ಹಾಡು ಮುಗಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಜನರನ್ನು ಬೈಯತೊಡಗಿದೆ.

"ಅವರ ತಪ್ಪು ಎಂತದ್ದೂ ಇಲ್ಲ," ಎಂದರು ಮಾಸ್ಟ್ರು. "ಅಂಗಡಿಗೆ ಬೋರ್ಡು ಹಾಕಿದ್ದು ನಾನೇ ಅಲ್ವಾ."

ಅವರಿಗೆ ಹೆದರಿಕೆ ಇದ್ದದ್ದು ಜನರದ್ದಲ್ಲ, ತನ್ನ ಗಂಟಲಿನದ್ದು. ಅವರ ಗುರುಗಳು ಬದುಕಿದ್ದಾಗ ಈ ಅಪಸ್ವರ ಕಚೇರಿಯ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಬೈಯಲಿಲ್ಲವಂತೆ. "ಸುಳ್ಳು ಸ್ವರಕ್ಕೆ ಜಾಗ ಕೊಡ್ತಾ ಇದ್ದೀ. ಮೊದಲು ಒಕ್ಕಲಾಗಿ ಬರ್ತದೆ, ಆಮೇಲೆ ಅದೇ ಧಣಿಯಾಗ್ತದೆ," ಎಂದಷ್ಟೇ ಹೇಳಿದರಂತೆ. ನಮ್ಮ ಕಡೆ ಒಕ್ಕಲಾಗಿದ್ದವರು ಭೂಮಿಯ ಒಡೆಯರಾದದ್ದನ್ನು ಕಣ್ಣಾರೆ ಕಂಡ ತಲೆಮಾರು ಅದು. ಆ ಮಾತು ಮಾಸ್ಟ್ರಿಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಅಂದಿನಿಂದ ಒಂದು ಬೆಳಗ್ಗೆಯೂ ತಪ್ಪಿಸದೆ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಸಾಧನೆಗೆ ಕೂರುತ್ತಿದ್ದರು. ಒಂದು ಸಂಜೆ ಊರಿಗಾಗಿ ಕೆಟ್ಟರೆ ಮರುದಿನ ಬೆಳಗ್ಗೆ ತೊಳೆದುಕೊಳ್ಳಬೇಕು ಎಂಬುದು ಅವರ ಲೆಕ್ಕ. ಗಂಟಲು ಇನ್ನೂ ತನ್ನದೇ ಉಂಟೋ ಎಂದು ಅವರು ದಿನಾ ಎದ್ದು ನೋಡಿಕೊಳ್ಳುತ್ತಿದ್ದರು.

ಆ ಹೊತ್ತಿಗೆ ಅವರ ಹೆಂಡತಿ ಅಡಿಗೆಮನೆಯ ಬಾಗಿಲ ಹತ್ತಿರ ಕಾಯಿ ತುರಿಯಲು ಕೂರುತ್ತಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಅವರದ್ದು ತಲೆತಲಾಂತರದಿಂದ ಭಜನೆ ನಡೆದು ಬಂದ ಮನೆ. ಅವರ ಅಪ್ಪ ಜಾತಕ ನೋಡುವ ಮೊದಲು ಹುಡುಗನನ್ನು ಹಾಡಿಸಿದ್ದರಂತೆ. ಅಪಸ್ವರ ಕಚೇರಿಯ ಒಂದು ಕಾರ್ಯಕ್ರಮಕ್ಕೂ ಅಕ್ಕ ಬಂದವರಲ್ಲ. ಊರವರು ಎಲ್ಲಿಯಾದರೂ ಸಿಕ್ಕಿ ಹೊಗಳಿದರೆ, "ಹೌದಾ, ಒಳ್ಳೆದಾಯ್ತು," ಎಂದು ಮುಂದೆ ಹೋಗುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಬೆಳಗ್ಗಿನ ಗಂಡ. ಸಂಜೆಯ ಮನುಷ್ಯನನ್ನು ಅವರು ನೋಡಲು ಒಪ್ಪಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಕಾರ್ಯಕ್ರಮದಲ್ಲಿ ನಗು ಕಡಿಮೆಯಾಗಲು ಸುರುವಾಯಿತು. ಮೊದಲು ಗೊತ್ತಾದದ್ದು ಕಾಪುವಿನಲ್ಲೇ, ಸಮುದ್ರದ ಬದಿಯ ಒಂದು ಮೈದಾನದಲ್ಲಿ. ಅದೇ ಹಾಡು, ಅದೇ ಜರಿ ಶಾಲು. ಜನ ಆರಂಭದಲ್ಲಿ ನಕ್ಕರು, ಆಮೇಲೆ ಪಕ್ಕದವರ ಹತ್ತಿರ ಮಾತಾಡತೊಡಗಿದರು, ಕೆಲವರು ಎದ್ದು ಚರುಂಬುರಿ ಗಾಡಿಯ ಕಡೆ ನಡೆದರು. ಕಾಮತ್ರು ಇದಕ್ಕೆಲ್ಲ ಮೊಬೈಲೇ ಕಾರಣವೆಂದು ಬೈದರು. "ದಿನಕ್ಕೆ ನೂರು ಕಾಮಿಡಿ ಕೈಯಲ್ಲೇ ಬರ್ತದೆ. ಇನ್ನು ನಮ್ಮ ಮೂರು ಮುದುಕರನ್ನು ಯಾರು ನೋಡುದು?" ಎಂದರು. ನನಗೂ ಅದು ಸರಿ ಎನಿಸಿತು.

ಮುಂದಿನದ್ದು ಕಾರ್ಕಳದಲ್ಲಿ, ಒಂದು ಶಾಲೆಯ ಹಳೆ ವಿದ್ಯಾರ್ಥಿಗಳ ಸಮಾರಂಭ. ವೇದಿಕೆಯ ಹಿಂದಿನ ತರಗತಿಯಲ್ಲಿ ಬೆಂಚು ಸರಿಸಿ ಕೂತೆವು. ಮಾಸ್ಟ್ರು ಕಿವಿ ಹಿಡಿದುಕೊಂಡು ಸ್ವಲ್ಪ ಹೆಚ್ಚೇ ಹೊತ್ತು ಸುಮ್ಮನಿದ್ದರು. ಆಮೇಲೆ ದೇವರ ಪಾಲಿನ ಹಾಡು ಎತ್ತಿಕೊಂಡರು. ಮೊದಲ ಸಾಲು ಮುಗಿಯುವುದರೊಳಗೆ ಕಾಮತ್ರು ಪಿಟೀಲಿನ ಕಮಾನು ನಿಲ್ಲಿಸಿ ನನ್ನ ಮುಖ ನೋಡಿದರು. ಸ್ವರ ಕೆಳಗಿತ್ತು. ಬೇಕಂತ ಇಳಿಸಿದ ಹಾಗೆ ಅಳತೆಯಲ್ಲಿ ಕೆಳಗಲ್ಲ. ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಜಾಸ್ತಿ, ಕೆಲವೊಮ್ಮೆ ಸರಿಯಾಗಿಯೂ ಇತ್ತು. ಮಾಸ್ಟ್ರು ಕಣ್ಣು ಮುಚ್ಚಿ ಎಂದಿನ ಭಕ್ತಿಯಿಂದಲೇ ಹಾಡುತ್ತಿದ್ದರು. ಕಾಮತ್ರು ಮತ್ತೆ ಕಮಾನು ಎತ್ತಿ, ಪಿಟೀಲನ್ನು ಅವರ ಸ್ವರದ ಹಿಂದೆಯೇ ನಡೆಸಿದರು. ಅವತ್ತು ಹೊರಗಿನ ಕಾರ್ಯಕ್ರಮದಲ್ಲಿ ನಗುವೇ ಇರಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬರು ಮಾಸ್ಟ್ರನ್ನು ನೋಡಲಾರದೆ ತಲೆ ತಗ್ಗಿಸಿ ಕೂತದ್ದನ್ನು ನಾನು ಕಂಡೆ.

ಮರುದಿನ ಮಧ್ಯಾಹ್ನ ಮಾಸ್ಟ್ರು ನನ್ನ ಅಂಗಡಿಗೆ ಬಂದರು. ಗಿರಾಕಿಗಳು ಹೋಗುವ ತನಕ ಸ್ಟೂಲಿನ ಮೇಲೆ ಕೂತು ಪೇಪರು ಮಡಚುತ್ತಿದ್ದರು.

"ಕಿವಿಗೆ ಬಿಡುವ ಔಷಧಿ ಎಂತಾದ್ರೂ ಉಂಟಾ?" ಎಂದು ಕೇಳಿದರು.

"ನೋವು ಉಂಟಾ ಮಾಸ್ಟ್ರೇ?"

"ನೋವಿಲ್ಲ. ಬಲಗಿವಿಯಲ್ಲಿ ಒಂದು ಷಡ್ಜ ಕೇಳ್ತದೆ, ಎಡಗಿವಿಯಲ್ಲಿ ಇನ್ನೊಂದು. ಶ್ರುತಿ ಪೆಟ್ಟಿಗೆ ಹಾಳಾಯ್ತು ಅಂತ ರಿಪೇರಿಗೆ ಕೊಟ್ಟೆ. ಅದು ಸರಿ ಉಂಟಂತೆ." ಪೇಪರು ಪಕ್ಕಕ್ಕಿಟ್ಟು ಕೇಳಿದರು, "ನಿನ್ನೆ ಜನ ಯಾಕೆ ನಗಲಿಲ್ಲ?"

ಮೊಬೈಲಿನ ಕಾಲ ಎಂದು ಕಾಮತ್ರ ಮಾತನ್ನೇ ಹೇಳಹೊರಟೆ. ಅವರು ಕೈ ಅಡ್ಡ ಹಿಡಿದರು.

"ಅದಲ್ಲ. ನಾನು ಜಾರಿ ಬಿದ್ದಿದ್ದೇನೆ ಅಂತ ಅವರಿಗೆ ಗೊತ್ತಾಯ್ತು. ನನಗಿಂತ ಮೊದಲು ಅವರಿಗೆ ಗೊತ್ತಾಯ್ತು, ನೋಡು."

ನಾನೇ ಅವರನ್ನು ಮಣಿಪಾಲದಲ್ಲಿ ಕಿವಿಯ ಡಾಕ್ಟರ ಹತ್ತಿರ ಕರಕೊಂಡು ಹೋದೆ. ವಯಸ್ಸಿನದ್ದು, ಹೋದ ಕಿವಿ ವಾಪಸು ಬರುವಂಥದ್ದಲ್ಲ ಎಂದರು ಡಾಕ್ಟರು. ಕಿವಿಗೆ ಯಂತ್ರ ಹಾಕಿಸಿದೆವು. ಮಾತು ಚೆನ್ನಾಗಿ ಕೇಳತೊಡಗಿತು. ಸಂಗೀತ ಮಾತ್ರ ತಗಡಿನ ಡಬ್ಬದೊಳಗೆ ಹಾಡಿದಂತೆ ಕೇಳುವುದೆಂದು ಒಂದು ವಾರದಲ್ಲಿ ತೆಗೆದಿಟ್ಟರು. ಬಂದ ಕಾರ್ಯಕ್ರಮಗಳನ್ನು ಬೇಡ ಎಂದರು. ಬೆಳಗ್ಗಿನ ಸಾಧನೆಯನ್ನೂ ನಿಲ್ಲಿಸಿದರು. ಗಂಟಲಿಗೆ ವಿಶ್ರಾಂತಿ ಕೊಡಲು ಡಾಕ್ಟರು ಹೇಳಿದ್ದಾರೆಂದು ಅಕ್ಕನ ಹತ್ತಿರ ಸುಳ್ಳು ಹೇಳಿದರು. ಕಿವಿಯ ವಿಷಯ ಅಕ್ಕನಿಗೆ ಗೊತ್ತಿತ್ತು, ಆದರೆ ಟಿವಿಯ ಸದ್ದು ಜೋರಾಗಿಡುವ ಕಿವಿ ಎಂಬಷ್ಟೇ ಗೊತ್ತಿತ್ತು. ಸ್ವರ ಹೋಗಿದೆ ಎಂಬುದು ಗೊತ್ತಿರಲಿಲ್ಲ.

ಕೆಲವು ತಿಂಗಳ ನಂತರ ಅವರಿಂದ ಫೋನು ಬಂತು. ಶನಿವಾರ ಮಧ್ಯಾಹ್ನದ ಮೇಲೆ ತಬಲ ಹಿಡಿದುಕೊಂಡು ಕಾಪುವಿಗೆ ಬರಬೇಕು, ಆ ಹೊತ್ತಿಗೆ ಅಕ್ಕ ತನ್ನ ತಂಗಿಯ ಮನೆಗೆ ಹೋಗಿರುತ್ತಾರೆ ಎಂದರು. ಹೋದೆ. ಮಾಸ್ಟ್ರು ಮಿಂದು ಪಂಚೆ ಉಟ್ಟು ಚಾವಡಿಯಲ್ಲಿ ಚಾಪೆ ಹಾಸಿ, ಹಾರ್ಮೋನಿಯಂ ಎದುರಿಗಿಟ್ಟು ಕೂತಿದ್ದರು.

"ಒಂದು ಹಾಡು ಹಾಡ್ತೇನೆ," ಎಂದರು. "ಸರಿಯಾಗಿಯೇ ಹಾಡುದು. ಇಷ್ಟು ದಿನ ಬಾಯಿ ಮುಚ್ಚಿ ಮನಸ್ಸಿನೊಳಗೇ ಅಭ್ಯಾಸ ಮಾಡಿದ್ದೇನೆ. ಕಿವಿ ಹೋದರೂ ಗಂಟಲಿಗೆ ದಾರಿ ನೆನಪಿರಬಹುದು. ನೀನು ಕೇಳಿ ನಿಜ ಹೇಳ್ಬೇಕು. ದಾಕ್ಷಿಣ್ಯ ಬೇಡ."

ಅವರು ಎತ್ತಿಕೊಂಡದ್ದು ಅಕ್ಕನ ತವರಿನ ಭಜನೆಯಲ್ಲಿ ಹಾಡುತ್ತಿದ್ದ ಒಂದು ಹಳೆಯ ದೇವರ ಹಾಡು. ಅಪಸ್ವರ ಕಚೇರಿಗೆ ಅದನ್ನು ಅವರು ಎಂದೂ ತಂದಿರಲಿಲ್ಲ. ಕಾಮತ್ರು ಒಮ್ಮೆ ಕೇಳಿದಾಗ ಖಂಡಿತ ಆಗದು ಎಂದಿದ್ದರು. ಕಣ್ಣು ಮುಚ್ಚಿ, ಕಿವಿ ಹಿಡಿದು, ಇದ್ದ ಉಸಿರನ್ನೆಲ್ಲ ಹಾಕಿ ಹಾಡಿದರು. ನಾನು ಏನೆಂದು ಬರೆಯಲಿ? ಆ ಹಾಡಿನಲ್ಲಿ ಒಂದೇ ಒಂದು ಸಾಲು ಸರಿಯಾಗಿ ಬಂದಿದ್ದರೆ ಅದನ್ನೇ ಹಿಡಿದು ಹೊಗಳುತ್ತಿದ್ದೆ. ಬರಲಿಲ್ಲ. ನಾನು ಅವರ ಮುಖ ನೋಡದೆ ತಬಲದ ಮೇಲೆ ಕಣ್ಣಿಟ್ಟು ಬಾರಿಸಿದೆ.

ಬಾಗಿಲಲ್ಲಿ ನೆರಳು ಬಿತ್ತು. ತಂಗಿಯ ಮನೆಗೆ ಬೀಗ ಹಾಕಿತ್ತೋ ಏನೋ, ಅಕ್ಕ ವಾಪಸು ಬಂದಿದ್ದರು. ಕೈಯಲ್ಲಿ ಚೀಲ, ಮುಖ ಕೆಂಪಾಗಿತ್ತು.

"ಇದೆಂತ ಇದು?" ಎಂದರು. "ಇದನ್ನು ಮನೆಯೊಳಗೆ ತರಬಾರದು ಅಂತ ನಾನು ಮೊದಲೇ ಹೇಳಿಲ್ವಾ? ಹೊರಗೆ ಎಂತ ಬೇಕಾದ್ರೂ ಮಾಡಿ, ನಾನು ಕೇಳ್ಲಿಕ್ಕೆ ಬಂದವಳಲ್ಲ. ನನ್ನ ಅಪ್ಪ ಹಾಡ್ತಿದ್ದ ಹಾಡು. ಈ ಹಾಡನ್ನಾದ್ರೂ ಬಿಡಬಾರದಿತ್ತಾ ನಿಮಗೆ?"

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾಸ್ಟ್ರ ಮುಖ ಬದಲಾಯಿತು. ವೇದಿಕೆಯ ಮೇಲೆ ಸ್ವರ ತಪ್ಪಿದಾಗಲೆಲ್ಲ ಮಾಡುತ್ತಿದ್ದ ಆ ಮಹಾ ವಿದ್ವಾಂಸರ ಪೆಚ್ಚು ಮುಖವನ್ನು ಅವರು ಅಲ್ಲಿಯೇ ತಂದುಕೊಂಡರು.

"ತಪ್ಪಾಯ್ತು," ಎಂದರು. "ಇವ ಬಂದ, ಸ್ವಲ್ಪ ತಮಾಷೆ ಮಾಡಿದ್ದು. ಇನ್ನು ಹಾಡುದಿಲ್ಲ."

ಅಕ್ಕ ಒಳಗೆ ಹೋದರು. ಪಾತ್ರೆ ಇಡುವ ಸದ್ದು ಜೋರಾಗಿ ಕೇಳಿಸಿತು. ಮಾಸ್ಟ್ರು ಹಾರ್ಮೋನಿಯಂ ಮುಚ್ಚಿ ಅದರ ಮೇಲೆ ಬಟ್ಟೆ ಹೊದೆಸಿದರು.

"ನೀನು ಎಂತ ಹೇಳುದೂ ಬೇಡ," ಎಂದು ಸಣ್ಣ ಸ್ವರದಲ್ಲಿ ನನಗೆ ಹೇಳಿದರು. "ನಿನ್ನನ್ನು ಕರೆಸಿದ ಕೆಲಸ ಆಯ್ತು. ಅವಳೇ ಹೇಳಿ ಆಯ್ತಲ್ಲ."

"ಅಕ್ಕನಿಗೆ ವಿಷಯ ಹೇಳಿ ಮಾಸ್ಟ್ರೇ. ಗೊತ್ತಾದರೆ ಹೀಗೆ ಹೇಳ್ತಿರಲಿಲ್ಲ."

"ಬೇಡ. ನೀನೂ ಹೇಳಬಾರದು. ಅವಳ ಗಂಡ ಬೇಕಂತಲೇ ಕೆಟ್ಟದಾಗಿ ಹಾಡುವ ಜನ. ಹಾಗೆಯೇ ಇರ್ಲಿ. ಹಾಡ್ಲಿಕ್ಕೆ ಬರುದಿಲ್ಲ ಅಂತ ಆಗುದಕ್ಕಿಂತ ಅದು ಒಳ್ಳೆದು."

ಆಮೇಲೆ ಅವರು ನಿಜವಾಗಿಯೂ ಹಾಡಲಿಲ್ಲ. ಅಂಗಡಿಗೆ ಬರುತ್ತಿದ್ದರು, ಪೇಪರು ಓದುತ್ತಿದ್ದರು, ನನ್ನ ಗಿರಾಕಿಗಳ ಕನ್ನಡ ತಿದ್ದುತ್ತಿದ್ದರು. ರಸ್ತೆಯಲ್ಲಿ ಯಾರಾದರೂ ಗುರುತು ಹಿಡಿದು, ಒಂದು ಸಾಲು ತಮಾಷೆಗೆ ಹಾಡಿ ಮಾಸ್ಟ್ರೇ ಎಂದರೆ, ಗಂಟಲು ಸರಿಯಿಲ್ಲ ಎಂದು ನಕ್ಕುಬಿಡುತ್ತಿದ್ದರು. ತಮಾಷೆಗೆ ಹಾಡಬೇಕಾದರೂ ಸರಿಯಾದ ಸ್ವರ ಎಲ್ಲಿದೆ ಎಂದು ಗೊತ್ತಿರಬೇಕಲ್ಲ. ಒಂದು ಬೆಳಗ್ಗೆ ಎದೆನೋವೆಂದು ಆಸ್ಪತ್ರೆಗೆ ಹೋದವರು ಜೀವಂತ ವಾಪಸು ಬರಲಿಲ್ಲ.

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ಅಕ್ಕನನ್ನು ಕಾಪುವಿಗೆ ಬಿಡಲು ನನ್ನ ಕಾರಿನಲ್ಲಿ ಕರಕೊಂಡು ಹೋದೆ. ಮೊಬೈಲ್ ಹಿಡಿದ ಆ ಮನುಷ್ಯನ ಮೇಲೆ ಅವರಿಗೂ ಸಿಟ್ಟು ಬಂದಿರಬೇಕೆಂದು ನಾನು ತಿಳಿದುಕೊಂಡೆ. ಮನೆ ತಲುಪಿದ ಮೇಲೆ ಕೂರಲು ಹೇಳಿ, ಚಾ ತಂದುಕೊಟ್ಟು, ಎದುರಿಗೆ ಕೂತರು.

"ಒಂದು ಕೇಳ್ಲಿಕ್ಕಿತ್ತು," ಎಂದರು. "ಆ ಶನಿವಾರ ನೀವು ತಬಲ ಹಿಡ್ಕೊಂಡು ಬಂದಿದ್ರಲ್ಲ. ಆವತ್ತು ಅವರು ಹಾಡಿದ್ದು ತಮಾಷೆಗೇ ಅಲ್ವಾ?"

ಸತ್ತವರಿಗೆ ಕೊಟ್ಟ ಮಾತು. "ಹೌದು ಅಕ್ಕ, ತಮಾಷೆಗೇ," ಎಂದೆ.

ಅವರು ತಲೆಯಾಡಿಸಿದರು.

"ನಾನು ಅವರ ಆ ಕಾರ್ಯಕ್ರಮ ಒಂದು ದಿನವೂ ಕೇಳಿದವಳಲ್ಲ," ಎಂದರು. "ಇವತ್ತೇ ಮೊದಲು ಕೇಳಿದ್ದು, ಆ ಮೊಬೈಲಿನಲ್ಲಿ. ಎಲ್ಲರೂ ನಕ್ಕರು. ನಿಮಗೆ ಹೇಳ್ತೇನೆ, ನನಗೂ ನಗು ಬಂತು. ಹೇಗೆ ಬಾರದೆ ಇರ್ತದೆ? ಅಷ್ಟು ಚಂದ ಕೆಡಿಸ್ತಾರೆ. ಮನೆಯಲ್ಲಿ ಹಾಡಿದ್ದು ಹಾಗೆ ಇರಲಿಲ್ಲ."

ನಾನು ಲೋಟ ಕೆಳಗಿಟ್ಟೆ.

"ಆವತ್ತು ನಾನು ನಗಲಿಲ್ಲ," ಎಂದರು ಅಕ್ಕ. "ನೀವೂ ನಗಲಿಲ್ಲ."

ಅಕ್ಕ ಎರಡೂ ಲೋಟಗಳನ್ನು ಎತ್ತಿಕೊಂಡು ಎದ್ದು ನಿಂತರು.

"ಈ ಹಾಡನ್ನಾದ್ರೂ ಬಿಡಬಾರದಿತ್ತಾ ಅಂತ ಕೇಳಿದೆ ನಾನು," ಎಂದರು. "ಅವರು ತಪ್ಪಾಯ್ತು ಅಂದ್ರು."